ಗಾಳಿಗೆ ನೀರು ಬೆರೆಸಿದ ಕಥೆ

ಇಳಕಲ್ಲಿನ ನೇಕಾರರ ಹಳೆಯ ಮಗ್ಗಗಳು ನೆಲದ ಮೇಲೆ ನಿಂತವಲ್ಲ, ನೆಲಕ್ಕೆ ಇಳಿದವು. ನೇಕಾರ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುತ್ತಾನೆ. ಹಾಸಿನ ಎಳೆಗಳು ನೆಲಕ್ಕೆ ಹತ್ತಿರವಾಗಿ ಚಾಚಿಕೊಂಡಿರುತ್ತವೆ. ಇದರಿಂದ ಒಂದು ಅನುಕೂಲವಿದೆ. ಮಣ್ಣಿನ ತಂಪು ನೂಲಿಗೂ ತಾಗುತ್ತದೆ. ಒಣಗಿದ ಹತ್ತಿನೂಲು ಪೆಡಸಾಗಿ ಪದೇ ಪದೇ ಕಡಿಯುತ್ತದೆ. ತೇವ ಹೀರಿದ ನೂಲು ಎಳೆತವನ್ನು ತಾಳಿಕೊಳ್ಳುತ್ತದೆ.

ಇಂದು ಗಾಳಿಗೆ ತೇವ ಕೊಡುವ ಕೆಲಸಕ್ಕೆ ‘ಹ್ಯುಮಿಡಿಫೈಯರ್’ ಎಂಬ ಪುಟ್ಟ ಯಂತ್ರ ಬಂದಿದೆ. ಕೋಣೆಯ ಗಾಳಿ ಒಣಗಿದರೆ ಅದು ತಾನಾಗಿ ಮಂಜು ಸೂಸುತ್ತದೆ, ತೇವ ಸಾಕಾದರೆ ತಾನಾಗಿ ನಿಲ್ಲುತ್ತದೆ. ಮನುಷ್ಯರ ಹಿತಕ್ಕೆಂದು ಮನೆಮನೆಗೆ ಬಂದ ಈ ಯಂತ್ರದ ಮೂಲ ಹುಡುಕುತ್ತ ಹೋದರೆ ಎದುರಾಗುವುದು ಮಾತ್ರ ಬಟ್ಟೆಯ ಗಿರಣಿ.

ಗಿರಣಿಗಿಂತ ಮೊದಲು ಬಂದದ್ದು ಅಳತೆ. ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ತಿಳಿಯುವುದು ಹೇಗೆ? ಜಿನೀವಾದ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ಡಿ ಸೊಸ್ಯೂರ್ ಇದಕ್ಕೆ ಹಿಡಿದ ದಾರಿ ಬಲು ಸರಳ. ಮನುಷ್ಯನ ಕೂದಲು ಹಸಿ ಗಾಳಿಯಲ್ಲಿ ತುಸು ಉದ್ದವಾಗುತ್ತದೆ, ಒಣ ಗಾಳಿಯಲ್ಲಿ ಕುಗ್ಗುತ್ತದೆ. ಜಿಡ್ಡು ತೆಗೆದ ಕೂದಲಿಗೆ ಮುಳ್ಳೊಂದನ್ನು ಜೋಡಿಸಿ ಮಾಡಿದ ಆರ್ದ್ರತಾಮಾಪಕವನ್ನು ಅವನು 1783ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ. ಮುಂದೆ ಗಾಳಿಯ ತೇವ ನೋಡಿ ಯಂತ್ರಗಳನ್ನು ತಾನಾಗಿ ನಡೆಸುವ ಸ್ವಿಚ್ಚುಗಳಲ್ಲಿಯೂ ಬಹುಕಾಲ ದುಡಿದದ್ದು ಕೂದಲೇ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿಯ ಬರ ಬಂತು. ಆಗ ಹಡಗು ಹತ್ತಿ ಹೋದ ಭಾರತದ ಹತ್ತಿಯಲ್ಲಿ ಧಾರವಾಡ ಸೀಮೆಯದೂ ಇತ್ತು. ಭಾರತದ ಹತ್ತಿಯ ಎಳೆ ಹೆಚ್ಚಾಗಿ ಗಿಡ್ಡ. ಗಿರಣಿಗಳು ಹಾಸುನೂಲಿಗೆ ಜೇಡಿಮಣ್ಣು ಬೆರೆಸಿದ ದಪ್ಪ ಗಂಜಿ ಹಚ್ಚತೊಡಗಿದವು. ಯುದ್ಧ ಮುಗಿದರೂ ಈ ರೂಢಿ ನಿಲ್ಲಲಿಲ್ಲ. ಬಟ್ಟೆಗೆ ತೂಕವೂ ಬರುತ್ತಿತ್ತಲ್ಲ! ಆದರೆ ಗಂಜಿಯ ನೂಲು ಒಣ ಗಾಳಿಯಲ್ಲಿ ನಿಲ್ಲದು. ಹಾಗಾಗಿ ನೇಯ್ಗೆಯ ಕೊಠಡಿಗಳೊಳಕ್ಕೆ ಕೊಳವೆಗಳಿಂದ ಹಬೆ ಬಿಡಲಾಯಿತು. ನೂಲು ಬದುಕಿತು, ನೇಯುವವರು ಬಳಲಿದರು. ದಿನವಿಡೀ ಹಬೆಯಲ್ಲಿ ನೆನೆದ ಬಟ್ಟೆಯಲ್ಲೇ ಅವರು ಸಂಜೆ ಕೊರೆಯುವ ಚಳಿಗೆ ಹೊರಬೀಳಬೇಕಿತ್ತು. ಅವರ ದೂರುಗಳ ಫಲವಾಗಿ 1889ರಲ್ಲಿ ಬ್ರಿಟಿಷ್ ಸಂಸತ್ತು ಹತ್ತಿಬಟ್ಟೆ ಕಾರ್ಖಾನೆಗಳಿಗೆಂದೇ ಕಾಯ್ದೆ ಮಾಡಿತು. ಯಾವ ಉಷ್ಣಾಂಶದಲ್ಲಿ ಗರಿಷ್ಠ ಎಷ್ಟು ತೇವ ಇರಬಹುದೆಂಬ ಕೋಷ್ಟಕ ಅದರಲ್ಲಿತ್ತು. ಗಿರಣಿಯಲ್ಲಿ ಆರ್ದ್ರತಾಮಾಪಕ ಇಡುವುದು ಕಡ್ಡಾಯವಾಯಿತು.

ಮಿತಿ ಗೊತ್ತಾಯಿತು ನಿಜ, ಬೇಕಾದಷ್ಟೇ ತೇವವನ್ನು ತಪ್ಪದೆ ಕೊಡುವುದು ಹೇಗೆ? ಉತ್ತರ ಬಂದದ್ದು ಅಮೆರಿಕದಿಂದ. ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ 25ರ ಎಂಜಿನಿಯರ್ ಅಲ್ಲಿನ ಆರ್ದ್ರತೆಯನ್ನು ವರ್ಷವಿಡೀ ಶೇಕಡಾ 55ರಲ್ಲಿ ನಿಲ್ಲಿಸುವ ಯೋಜನೆ ರೂಪಿಸಿದ. ಗಾಳಿಯನ್ನು ನೀರಿನ ತುಂತುರಿನ ಮೂಲಕ ಹಾಯಿಸಿ, ಆ ನೀರಿನ ಉಷ್ಣಾಂಶವನ್ನು ಹಿಡಿತದಲ್ಲಿಟ್ಟರೆ ಗಾಳಿ ಹೊರುವ ನೀರಿನ ಪ್ರಮಾಣವೂ ಹಿಡಿತಕ್ಕೆ ಬರುತ್ತದೆ ಎಂಬುದು ಅವನು ಮುಂದೆ ಕಂಡುಕೊಂಡ ಸೂತ್ರ. 1906ರಲ್ಲಿ ಸ್ಟುವರ್ಟ್ ಕ್ರೇಮರ್ ಎಂಬ ಗಿರಣಿ ಎಂಜಿನಿಯರ್ ಈ ಕೆಲಸಕ್ಕೆ ‘ಏರ್ ಕಂಡಿಷನಿಂಗ್’ ಎಂದು ಹೆಸರಿಟ್ಟ. ನೂಲನ್ನು ತೇವ ಕೊಟ್ಟು ಹದಗೊಳಿಸುವುದಕ್ಕೆ ಗಿರಣಿಯವರು ಬಳಸುತ್ತಿದ್ದ ‘ಕಂಡಿಷನಿಂಗ್’ ಎಂಬ ಮಾತನ್ನೇ ಅವನು ಗಾಳಿಗೂ ತಂದದ್ದು. ಇಂದು ತಂಪಿಗೆ ಮತ್ತೊಂದು ಹೆಸರಾಗಿರುವ ಈ ಪದ ಹುಟ್ಟಿದ್ದು ನೂಲಿನ ತೇವದಿಂದ.

ಚಳಿದೇಶಗಳ ಮನೆಗಳಿಗೆ ಈ ವಿದ್ಯೆ ಏಕೆ ಬೇಕಾಯಿತು? ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೊರಬಲ್ಲ ನೀರಾವಿ ಸುಮಾರು 5 ಗ್ರಾಂ. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ಹೊರಗಿನ ತಣ್ಣನೆಯ ಗಾಳಿಯನ್ನು ಒಳತಂದು ಬಿಸಿ ಮಾಡಿದರೆ ಅದರಲ್ಲಿರುವ ನೀರು ಅಷ್ಟೇ, ಹೊರುವ ಶಕ್ತಿ ಮಾತ್ರ ಮೂರು ಪಟ್ಟಿಗೂ ಹೆಚ್ಚು. ಪರಿಣಾಮವಾಗಿ ಕೋಣೆಯ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯುತ್ತದೆ. ತುಟಿ ಬಿರಿಯುತ್ತದೆ, ಗಂಟಲು ಒಣಗುತ್ತದೆ, ಮರದ ಸಾಮಾನು ಸೀಳುತ್ತದೆ. ಶೇಕಡಾ 30ರಿಂದ 50ರಷ್ಟಿದ್ದರೆ ಹಿತ. ಅದನ್ನು ಮೀರಿದರೆ ಗೋಡೆಗೆ ಬೂಷ್ಟು ಹಿಡಿಯುವ ಭಯ.

ಆದರೆ ಯಂತ್ರ ಅಳೆಯುವುದು ನೀರು ಎಷ್ಟು ಎಂಬುದನ್ನು ಮಾತ್ರ, ಎಂಥ ನೀರು ಎಂಬುದನ್ನಲ್ಲ. ಗಿರಣಿಗಳ ಅನುಭವ ಈ ಪ್ರಶ್ನೆಗೂ ಉತ್ತರ ಕಂಡುಕೊಂಡಿತ್ತು. ಭಾರತದ 1948ರ ಕಾರ್ಖಾನೆ ಕಾಯ್ದೆಯ 15ನೆಯ ಕಲಮು, ಗಾಳಿಗೆ ಬೆರೆಸುವ ನೀರು ಕುಡಿಯುವ ನೀರಿನ ಮೂಲದ್ದಾಗಿರಬೇಕು ಇಲ್ಲವೇ ಶುದ್ಧೀಕರಿಸಿದ್ದಾಗಿರಬೇಕು ಎಂದು ವಿಧಿಸಿತ್ತು. ಯಂತ್ರ ಮನೆಗೆ ಬಂದಾಗ ಈ ಎಚ್ಚರ ಜೊತೆಗೆ ಬರಲಿಲ್ಲ. ದಕ್ಷಿಣ ಕೊರಿಯದಲ್ಲಿ 1994ರಿಂದ, ಹ್ಯುಮಿಡಿಫೈಯರ್‌ನ ತೊಟ್ಟಿಯಲ್ಲಿ ರೋಗಾಣು ಬೆಳೆಯದಿರಲೆಂದು ನೀರಿಗೆ ಬೆರೆಸುವ ರಾಸಾಯನಿಕಗಳು ಅಂಗಡಿಗಳಲ್ಲಿ ಮಾರಾಟವಾದವು. ಅವು ಉಸಿರಿನೊಂದಿಗೆ ಒಳಹೋದರೆ ಏನಾಗುತ್ತದೆಂಬ ಸರಿಯಾದ ಪರೀಕ್ಷೆ ನಡೆದಿರಲಿಲ್ಲ. 2011ರಲ್ಲಿ ಗರ್ಭಿಣಿಯರು ಶ್ವಾಸಕೋಶದ ವಿಚಿತ್ರ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗಲಷ್ಟೇ ಕಾರಣ ಬಯಲಾಯಿತು. ಸರ್ಕಾರ ಸಂತ್ರಸ್ತರೆಂದು ಗುರುತಿಸಿದವರ ಸಂಖ್ಯೆಯೇ 5,000 ದಾಟಿತು. ಸತ್ತವರಲ್ಲಿ ಎಳೆಯ ಮಕ್ಕಳೂ ಇದ್ದರು. ಮಗುವಿನ ಕೋಣೆಯ ಗಾಳಿ ಹಿತವಾಗಿರಲಿ ಎಂದೇ ತಂದೆತಾಯಿಗಳು ಆ ಯಂತ್ರವನ್ನು ಹಚ್ಚಿದ್ದರು.

ಗಿರಣಿಗೆ ಕಾಯ್ದೆಯ ಪುಸ್ತಕ ಹಿಡಿದು ತನಿಖಾಧಿಕಾರಿ ಬರುತ್ತಿದ್ದ. ಮಲಗುವ ಕೋಣೆಗೆ ಬರುವವರಾರು? ದಿನವೂ ಹೊಸ ನೀರು ತುಂಬುವುದು, ತೊಟ್ಟಿಯನ್ನು ತಿಕ್ಕಿ ತೊಳೆಯುವುದು, ನೀರಿಗೆ ಬೇರೇನನ್ನೂ ಬೆರೆಸದಿರುವುದು ಮನೆಯವರದೇ ಹೊಣೆ. ಗಾಳಿಗೆ ಬೆರೆತ ನೀರನ್ನು ಆ ಮನೆಯವರೆಲ್ಲ ರಾತ್ರಿಯಿಡೀ ಉಸಿರಾಡುತ್ತಾರೆ.