ಬೆಲ್ಟು ಕಳಚಿದರೆ ಮಾತ್ರ ನಿಲ್ಲುವ ತಂಪು

1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ, ತನ್ನ ಕಾರಿಗೆ ಬೇಕಾದವರು ಏಸಿ ಹಾಕಿಸಿಕೊಳ್ಳಬಹುದು ಎಂದು ಸಾರಿತು. ಬೆಲೆ 274 ಡಾಲರ್. ತಂಪು ಮಾಡುವ ಕಾಯಿಲ್ ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯ ಜಾಗ ನುಂಗಿಕೊಂಡು ಕೂತಿತ್ತು. ತಂಪೇನೋ ಬರುತ್ತಿತ್ತು. ಸಾಕು ಅನ್ನಿಸಿದರೆ? ಫ್ಯಾನ್ ನಿಲ್ಲಿಸಬಹುದಿತ್ತು, ಕಂಪ್ರೆಸರ್ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಿಸಲು ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿ ಅದರ ಗೊಡವೆ ಬಿಟ್ಟಿತು.

ಕಾರಿನೊಳಗಿನ ಹವೆಯ ಚರಿತ್ರೆ ಓದುವಾಗಲೆಲ್ಲ ನನಗೆ ಈ ಬೆಲ್ಟೇ ನೆನಪಾಗುತ್ತದೆ. ಬಿಸಿ ಹುಟ್ಟಿಸುವುದು, ತಂಪು ಹುಟ್ಟಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ‘ಇಷ್ಟು ಸಾಕು’ ಎಂಬುದನ್ನು ಯಂತ್ರಕ್ಕೆ ಕಲಿಸುವುದರಲ್ಲೇ ದಶಕಗಳು ಹೋದವು. ಇವತ್ತಿಗೂ ಅದು ಕೈಕೊಡುವುದು ಹೆಚ್ಚಾಗಿ ಅಲ್ಲೇ.

ಬಿಸಿಯಂತೂ ಪುಕ್ಕಟೆ. ಪೆಟ್ರೋಲು ಸುಟ್ಟು ಬಂದ ಶಾಖದ ಬಹುಪಾಲು ಚಕ್ರಕ್ಕೆ ತಲುಪದೆ ರೇಡಿಯೇಟರಿನಲ್ಲೂ ಸೈಲೆನ್ಸರಿನಲ್ಲೂ ಪೋಲಾಗುತ್ತದೆ. ಆದರೂ ಆರಂಭದ ಕಾರುಗಳಲ್ಲಿ ಜನ ಕಂಬಳಿ ಹೊದ್ದು, ಇದ್ದಿಲು ತುಂಬಿದ ಡಬ್ಬಿಯ ಮೇಲೆ ಕಾಲಿಟ್ಟು ಕೂರುತ್ತಿದ್ದರು. ಆಮೇಲೆ ಹೊಗೆ ಹೋಗುವ ಕೊಳವೆಯ ಸುತ್ತ ಗಾಳಿ ಹಾಯಿಸಿ ಒಳಗೆ ಬಿಡುವ ಉಪಾಯ ಬಂತು. ಫೋರ್ಡ್ ಮಾಡೆಲ್ ಎ ಕಾರಿಗೆ ಇಂಥ ಹೀಟರ್ ಸಿಗುತ್ತಿತ್ತು. ಎಂಜಿನ್ ಓಡಿದಷ್ಟು ಬಿಸಿ, ನಿಂತರೆ ಚಳಿ. ಕೊಳವೆಯಲ್ಲಿ ಸಣ್ಣ ಬಿರುಕು ಬಿಟ್ಟರೆ ಸಾಕು, ಬಿಸಿಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ. ಅದಕ್ಕೆ ವಾಸನೆಯೇ ಇಲ್ಲ. ಎಂಜಿನ್ನಿನ ಬಿಸಿನೀರನ್ನೇ ಪುಟ್ಟ ರೇಡಿಯೇಟರಿಗೆ ತಂದು ಹಾಯಿಸುವ ಹೀಟರ್ ಗೆದ್ದದ್ದಕ್ಕೆ ಈ ಭಯವೂ ಒಂದು ಕಾರಣವಿರಬೇಕು.

ಕಾರ್ ಹೀಟರ್ ಕಂಡುಹಿಡಿದವರು 1893ರಲ್ಲಿ ಪೇಟೆಂಟ್ ಪಡೆದ ಷಿಕಾಗೋದ ಮಾರ್ಗರೆಟ್ ವಿಲ್ಕಾಕ್ಸ್ ಎಂದು ಎಲ್ಲೆಡೆ ಬರೆಯುತ್ತಾರೆ. ಪೇಟೆಂಟ್ ನಿಜ. ಆದರೆ ಆ ವರ್ಷದ ನವೆಂಬರಿನಲ್ಲಿ ಅದು ಸಿಕ್ಕಾಗ, ಡ್ಯೂರಿಯಾ ಸೋದರರು ಅಮೆರಿಕದಲ್ಲಿ ತಮ್ಮ ಮೊದಲ ಪೆಟ್ರೋಲ್ ಗಾಡಿ ಓಡಿಸಿ ಇನ್ನೂ ಎರಡು ತಿಂಗಳಾಗಿತ್ತು. ಆ ಕಾಲದ ಅಮೆರಿಕನ್ನರ ಬಾಯಲ್ಲಿ ‘ಕಾರ್’ ಎಂದರೆ ರೈಲಿನ ಬೋಗಿ. ಆಕೆ ಬೆಚ್ಚಗಾಗಿಸಲು ಹೊರಟದ್ದು ಅದನ್ನು. ಅದೇನು ಸಣ್ಣ ಕೆಲಸವಲ್ಲ, ಇಲ್ಲದ ಕಿರೀಟ ತೊಡಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

1938ರಲ್ಲಿ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನು ಸೋಸಿ, ಕಾಯಿಸಿ ಒಳಗೆ ಬಿಟ್ಟಿತು. ಮರುವರ್ಷ ಥರ್ಮೋಸ್ಟಾಟ್ ಸೇರಿಸಿತು. 1954ರಲ್ಲಿ ಅದೇ ಕಂಪನಿ ಹೀಟರನ್ನೂ ಏಸಿಯನ್ನೂ ಕಾರಿನ ಮುಂಭಾಗದಲ್ಲೇ ಒಂದು ವ್ಯವಸ್ಥೆಯಾಗಿ ಕೂಡಿಸಿತು. ಡಿಕ್ಕಿಗೆ ಬಿಡುಗಡೆಯಾಯಿತು. 1964ರ ಕ್ಯಾಡಿಲಾಕ್ ಇನ್ನೊಂದು ಹೆಜ್ಜೆ ಇಟ್ಟಿತು: ಬೇಕಾದ ಉಷ್ಣತೆಗೆ ಡಯಲ್ ತಿರುಗಿಸಿ ಬಿಟ್ಟರೆ ಮಿಕ್ಕದ್ದನ್ನು ಸೆನ್ಸರುಗಳು ನೋಡಿಕೊಳ್ಳುತ್ತಿದ್ದವು.

ಇವತ್ತಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪೆಟ್ಟಿಗೆ ಇದೆ. ಗಾಳಿ ಮೊದಲು ಏಸಿಯ ಕಾಯಿಲ್ ದಾಟುತ್ತದೆ, ಆಮೇಲೆ ಹೀಟರಿನ ರೇಡಿಯೇಟರ್. ಎಷ್ಟು ಗಾಳಿ ಬಿಸಿಯ ಕಡೆ ಹೋಗಬೇಕೆಂದು ತೀರ್ಮಾನಿಸುವುದು ಒಂದು ಪ್ಲಾಸ್ಟಿಕ್ ಬಾಗಿಲು. ಹಳೆಯ ಅಮೆರಿಕನ್ ಕಾರುಗಳಲ್ಲಿ ಇಂಥ ಬಾಗಿಲುಗಳನ್ನು ಎಳೆಯುತ್ತಿದ್ದುದು ಎಂಜಿನ್ನಿನ ನಿರ್ವಾತ. ರಬ್ಬರ್ ಕೊಳವೆ ಸೀಳಿದರೆ ಹಲವು ಕಾರುಗಳಲ್ಲಿ ಗಾಳಿ ತಾನಾಗಿ ಮುಂದಿನ ಗಾಜಿನ ಕಡೆ ತಿರುಗುತ್ತಿತ್ತು. ಸೆಖೆಯೋ ಚಳಿಯೋ, ಚಾಲಕನಿಗೆ ದಾರಿಯಾದರೂ ಕಾಣಲಿ ಎಂದು ಹಾಗೆ ಮಾಡಿದ್ದರು. ಈಗಿನ ಪುಟ್ಟ ಮೋಟರಿಗೆ ಆ ವಿವೇಕವಿಲ್ಲ. ಎಲ್ಲಿ ಸತ್ತಿತೋ ಅಲ್ಲೇ ಬಾಗಿಲು.

ನನ್ನ ಕಾರಿನಲ್ಲಿ ಆದದ್ದು ಅದೇ. ಬಲಗಡೆ ತಂಪು, ಎಡಗಡೆ 22 ಡಿಗ್ರಿಗೆ ಇಟ್ಟರೂ ಬಿಸಿಗಾಳಿ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ನೋಡುವ ಮೊದಲೇ “ಗ್ಯಾಸ್ ಹಾಕಿಸಿ ಸಾರ್” ಅಂದರು. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಎಂಜಿನ್ ಕಾಯುವವರೆಗೆ ಸುಮ್ಮನೆ ನಿಂತು, ಹೀಟರಿಗೆ ಹೋಗುವ, ಬರುವ ಎರಡೂ ಹೋಸುಗಳನ್ನು ಬಟ್ಟೆ ಹಿಡಿದು ಮುಟ್ಟಿ ನೋಡಿದರು. “ಎರಡೂ ಉಗುರುಬೆಚ್ಚಗಿದ್ದರೆ ಕೂಲಂಟ್ ಕಮ್ಮಿ, ಇಲ್ಲ ಥರ್ಮೋಸ್ಟಾಟ್ ತೆರೆದುಕೊಂಡೇ ಉಳಿದಿದೆ ಅಂತ. ಒಂದು ಸುಡ್ತಿದೆ, ಇನ್ನೊಂದು ತಣ್ಣಗಿದೆ ಅಂದ್ರೆ ಒಳಗೆ ಕಟ್ಟಿಕೊಂಡಿದೆ. ನಿಮ್ಮದು ಎರಡೂ ಸುಡ್ತಿದೆ. ನೀರಿನ ಕಡೆ ತಪ್ಪಿಲ್ಲ.” ಗಾಜಿನ ಒಳಮೈ ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಹೀಟರಿನ ರೇಡಿಯೇಟರೇ ಸೋರುತ್ತಿದೆ ಎಂದೂ ಹೇಳಿದರು. ಚಾರ್ಮಾಡಿ ಹತ್ತುವಾಗ ಎಂಜಿನ್ ಕಾದರೆ ಹೀಟರ್ ಪೂರ್ತಿ ತಿರುಗಿಸಿ, ಬೆವರುತ್ತಲೇ ಹೋಗಿ ಜಾಗ ಸಿಕ್ಕಲ್ಲಿ ನಿಲ್ಲಿಸುತ್ತಿದ್ದ ತಮ್ಮ ಟ್ಯಾಕ್ಸಿ ದಿನಗಳನ್ನು ನೆನೆದರು. ಆ ಪುಟ್ಟ ರೇಡಿಯೇಟರ್ ಆಗ ಎಂಜಿನ್ನಿಗೆ ಎರಡನೆಯದಾಗಿ ದುಡಿಯುತ್ತದೆ.

ಆಮೇಲೆ ಫ್ಯಾನ್ ಆಫ್ ಮಾಡಿ, ಎಡಗಡೆಯ ಉಷ್ಣತೆ ಮೇಲೆ ಕೆಳಗೆ ಮಾಡುತ್ತ ಕಿವಿಗೊಟ್ಟರು. ಡ್ಯಾಶ್‌ಬೋರ್ಡಿನ ಒಳಗೆ ಟಿಕ್, ಟಿಕ್. ಗ್ಲವ್ ಬಾಕ್ಸ್ ಬಿಚ್ಚಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಮೋಟರು ತೆಗೆದರು. ಒಳಗಿನ ಬಿಳಿ ಗಿಯರಿನಲ್ಲಿ ಮೂರು ಹಲ್ಲು ಉದುರಿದ್ದವು. ಹೊಸದು ಕೂರಿಸಿ ಕೀ ತಿರುಗಿಸಿದಾಗ ಬಾಗಿಲು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಹೋಗಿ ಬಂತು. ಎಲ್ಲಿ ನಿಲ್ಲಬೇಕೆಂದು ಹೊಸ ಮೋಟರು ಅಳೆದುಕೊಳ್ಳುವುದು ಹೀಗಂತೆ.