ಎರಡು ಗಿಟಾರಿಗೆ ಒಂದೇ ಕಾಲು

ಲೈವ್ ಶೋನಲ್ಲಿ ಹಾಡು ನುಡಿಸೋದಕ್ಕಿಂತ ಕಷ್ಟದ ಕೆಲಸ ಒಂದಿದೆ. ಎರಡು ಹಾಡುಗಳ ನಡುವಿನ ಮೌನವನ್ನು ದಾಟೋದು. ಚಪ್ಪಾಳೆ ಮುಗಿದಿರುತ್ತೆ. ಗಿಟಾರಿಸ್ಟ್ ಬಗ್ಗಿ ಆಂಪಿನ ವಾಲ್ಯೂಮ್ ಇಳಿಸಬೇಕು, ವೈರು ಕೀಳಬೇಕು, ಒಂದು ಗಿಟಾರ್ ಇಳಿಸಿ ಇನ್ನೊಂದನ್ನು ಹೆಗಲಿಗೇರಿಸಬೇಕು, ಮತ್ತೆ ವೈರು ಚುಚ್ಚಬೇಕು, ವಾಲ್ಯೂಮ್ ಏರಿಸಬೇಕು. ಅಷ್ಟರಲ್ಲಿ ಮುಂದಿನ ಸಾಲಿನವರ ಕೈಗೆ ಮೊಬೈಲ್ ಬಂದಿರುತ್ತೆ. ವಾಲ್ಯೂಮ್ ಇಳಿಸೋದು ಮರೆತರಂತೂ ಸ್ಪೀಕರಿನಿಂದ ‘ಢಬ್’ ಅಂತ ಸದ್ದು, ಹಿಂದೆಯೇ ‘ಗುಂಯ್’ ಅನ್ನೋ ಗುನುಗು.

ಈ ಜಂಜಾಟದ ಮೂಲ ಎಲೆಕ್ಟ್ರಿಕ್ ಗಿಟಾರಿಗಿಂತ ಹಳೆಯದು. ಗಿಟಾರಿಗೆ ಚುಚ್ಚುವ ಆ 6.35 ಮಿಲಿಮೀಟರ್ ಪಿನ್ನು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಅದು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದದ್ದು. ಯಾರಿಗೋ ಬಂದ ಕರೆಯನ್ನು ಇನ್ಯಾರಿಗೋ ಜೋಡಿಸಲು ಆಪರೇಟರುಗಳು ದಿನವಿಡೀ ಇಂಥ ಪಿನ್ನುಗಳನ್ನು ಕಿತ್ತು ಚುಚ್ಚುತ್ತಿದ್ದರು. ಅವರ ಕೈಗೆ ಬೇರೆ ಕೆಲಸ ಇರಲಿಲ್ಲ. ಗಿಟಾರಿಸ್ಟಿನ ಪಾಡು ಹಾಗಲ್ಲ. ಅವನ ಎರಡೂ ಕೈ ತಂತಿಯ ಮೇಲಿರಬೇಕು.

ಅಷ್ಟಕ್ಕೂ ಎರಡು ಗಿಟಾರ್ ಯಾಕೆ ಬೇಕು? ಸ್ಟುಡಿಯೋದಲ್ಲಿ ಈ ಪ್ರಶ್ನೆಯೇ ಏಳೋದಿಲ್ಲ. ಒಂದು ಭಾಗ ಒಂದು ಗಿಟಾರಿನಲ್ಲಿ ನುಡಿಸಿ, ಕಾಫಿ ಕುಡಿದು ಬಂದು, ಮುಂದಿನ ಭಾಗವನ್ನು ಇನ್ನೊಂದರಲ್ಲಿ ನುಡಿಸಿದರಾಯ್ತು. ‘ಸ್ಟೇರ್‌ವೇ ಟು ಹೆವನ್’ ರೆಕಾರ್ಡಿಂಗಿನಲ್ಲಿ ಲೆಡ್ ಜೆಪೆಲಿನ್ ತಂಡದ ಜಿಮ್ಮಿ ಪೇಜ್ ಮಾಡಿದ್ದು ಇದನ್ನೇ. ಶುರುವಿಗೆ ಅಕೂಸ್ಟಿಕ್, ನಡುವೆ 12 ತಂತಿಯ ಎಲೆಕ್ಟ್ರಿಕ್, ಕೊನೆಯ ಸೋಲೋಗೆ ಫೆಂಡರ್ ಟೆಲಿಕಾಸ್ಟರ್. ಆದರೆ ಇದೇ ಹಾಡನ್ನು 1971ರ ಮಾರ್ಚ್ 5ರಂದು ಬೆಲ್‌ಫಾಸ್ಟಿನ ಅಲ್ಸ್ಟರ್ ಹಾಲ್‌ನಲ್ಲಿ ಮೊದಲ ಸಲ ಜನರೆದುರು ನುಡಿಸುವಾಗ ಪೇಜ್‌ಗೆ ಇದ್ದದ್ದು ಎರಡೇ ಕೈ. ನಡುವೆ ನಿಲ್ಲಿಸಿ ಗಿಟಾರ್ ಬದಲಿಸಿದರೆ ಎಂಟು ನಿಮಿಷ ಏರುತ್ತಾ ಹೋಗುವ ಹಾಡು ಮೆಟ್ಟಿಲಲ್ಲೇ ಮುಗ್ಗರಿಸುತ್ತದೆ.

ಪೇಜ್ ಕಂಡುಕೊಂಡ ಉಪಾಯ, ಎರಡು ಕತ್ತಿನ ಗಿಟಾರ್. ಗಿಬ್ಸನ್ ಕಂಪನಿ 1958ರಲ್ಲೇ ಇಡಿಎಸ್-1275 ಅನ್ನುವ ಮಾಡೆಲ್ ತಂದಿತ್ತು. ಮೇಲಿನ ಕತ್ತಿಗೆ 12 ತಂತಿ, ಕೆಳಗಿನದಕ್ಕೆ 6. ಯಾವ ಕತ್ತಿನ ದನಿ ಆಂಪಿಗೆ ಹೋಗಬೇಕು ಅಂತ ಹೇಳೋಕೆ ಒಂದು ಪುಟ್ಟ ಸ್ವಿಚ್. ಒಂದು, ಇನ್ನೊಂದು, ಅಥವಾ ಎರಡೂ. ಅಂದರೆ ಆಯ್ಕೆಯ ಸ್ವಿಚ್ ಗಿಟಾರಿನ ಮೈಮೇಲೇ ಬಂತು. ಈಗ ಆ ಗಿಟಾರ್ ಒಂದು ಪೋಸ್ಟರ್ ಚಿತ್ರ. ಆದರೆ ಪೇಜ್ ಅದನ್ನು ಹೊತ್ತದ್ದು ಶೋಕಿಗಲ್ಲ, ಬೇರೆ ದಾರಿ ಇರಲಿಲ್ಲ ಅಂತ. ತೂಕ ಹತ್ತಿರಹತ್ತಿರ 6 ಕೆಜಿ. ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಮೆಟ್ರೋದಲ್ಲಿ ನಿಂತೇ ಭುಜ ನೋಯುತ್ತೆ ಅನ್ನೋ ನಮಗೆ ಅದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಕುತೂಹಲದ ಸಂಗತಿ. 12 ತಂತಿಯ ಗಿಟಾರಿನಲ್ಲಿ ಕೆಳಸ್ಥಾಯಿಯ ತಂತಿಗಳಿಗೆ ಒಂದು ಸ್ಥಾಯಿ ಅಂತರದ ಜೊತೆತಂತಿ ಇರುತ್ತದೆ. ದನಿ ತುಂಬಿಕೊಳ್ಳೋದು ಅದರಿಂದಲೇ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಇನ್ನೂ 3 ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದ್ದರ ಹಿಂದೆಯೂ ಇಂಥದೇ ಯೋಚನೆ ಇತ್ತು. ಮೈಕಿನ ಅನುಕೂಲ ಇಲ್ಲದ ಸಭೆಯಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕಿತ್ತಲ್ಲ! ವೇದಿಕೆ ಒಡ್ಡಿದ ಕಷ್ಟಕ್ಕೆ ವಾದ್ಯದ ಮೈಯನ್ನೇ ತಿದ್ದಿ ಉತ್ತರ ಕೊಡೋದು ಬರೀ ರಾಕ್ ತಂಡಗಳ ಚಾಳಿಯಲ್ಲ.

70ರ ದಶಕದಲ್ಲಿ ಈ ಜೋಡಿ ವಾದ್ಯ ಇನ್ನೂ ಮುಂದೆ ಹೋಯಿತು. ಜೆನೆಸಿಸ್ ತಂಡದ ಮೈಕ್ ರುದರ್‌ಫೋರ್ಡ್‌ಗೆ ಒಂದೇ ಹಾಡಿನಲ್ಲಿ ಬೇಸ್ ಕೂಡ ಬೇಕು, 12 ತಂತಿಯ ಗಿಟಾರೂ ಬೇಕು. ಎರಡನ್ನೂ ಒಂದೇ ಒಡಲಲ್ಲಿ ಕೂಡಿಸಿದ ವಾದ್ಯ ಅವರ ಹೆಗಲೇರಿತು. ರಶ್ ತಂಡದಲ್ಲಿ ಇದ್ದದ್ದೇ ಮೂರು ಜನ. 1977ರ ‘ಜನಾಡು’ ಹಾಡನ್ನು ವೇದಿಕೆಯಲ್ಲಿ ನುಡಿಸುವಾಗ ಗೆಡ್ಡಿ ಲೀ ಮತ್ತು ಅಲೆಕ್ಸ್ ಲೈಫ್‌ಸನ್ ಇಬ್ಬರ ಕೈಯಲ್ಲೂ ಎರಡು ಕತ್ತಿನ ವಾದ್ಯ. ಗೆಡ್ಡಿ ಲೀ ಗಿಟಾರಿನ ಕತ್ತಿಗೆ ಹೋದಾಗ ಬೇಸ್ ಯಾರು ನುಡಿಸ್ತಾರೆ? ಅವರ ಕಾಲೇ. ನೆಲದ ಮೇಲಿದ್ದ ಮೂಗ್ ಟಾರಸ್ ಪೆಡಲುಗಳನ್ನು ತುಳಿದು ಕೆಳಸ್ಥಾಯಿಯ ಸ್ವರ ಎಬ್ಬಿಸುತ್ತಿದ್ದರು. ಕೈಗೆ ಪುರುಸೊತ್ತು ಇಲ್ಲದಾಗ ಕೆಲಸ ಕಾಲಿಗೆ ಬಂತು.

ಇದೇ ತರ್ಕದ ಅಗ್ಗದ ರೂಪ ಎ-ಬಿ ಪೆಡಲ್. ನೋಡೋಕೆ ಪೆನ್ಸಿಲ್ ಡಬ್ಬಿಯಷ್ಟು ದೊಡ್ಡ ಲೋಹದ ಪೆಟ್ಟಿಗೆ. ಎರಡು ಗಿಟಾರಿನ ವೈರು ಒಳಗೆ, ಆಂಪಿಗೆ ಒಂದು ವೈರು ಹೊರಗೆ, ಮೇಲೊಂದು ತುಳಿಯುವ ಸ್ವಿಚ್. ಒಂದು ಗಿಟಾರ್ ಹೆಗಲಲ್ಲಿ, ಇನ್ನೊಂದು ಸ್ಟ್ಯಾಂಡಿನಲ್ಲಿ, ಎರಡಕ್ಕೂ ವೈರು ಮೊದಲೇ ಚುಚ್ಚಿರುತ್ತೆ. ತುಳಿದರೆ ಇದು, ಮತ್ತೆ ತುಳಿದರೆ ಅದು. ಚೆನ್ನಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಒಂದೇ ತುಳಿತಕ್ಕೆ ಮೂರು ಕೆಲಸ ಆಗುತ್ತೆ. ಬೇಕಾದ ಗಿಟಾರ್ ಆಂಪಿಗೆ ಸೇರುತ್ತೆ, ಬೇಡದ್ದು ಅರ್ತಿಗೆ ಸೇರಿ ಬಾಯಿ ಮುಚ್ಚುತ್ತೆ, ಯಾವುದು ಚಾಲೂ ಇದೆ ಅಂತ ತೋರಿಸೋ ಎಲ್‌ಇಡಿ ಬೆಳಗುತ್ತೆ. ಬ್ಯಾಟರಿ ಬೇಕಿರೋದು ಆ ದೀಪಕ್ಕೆ ಮಾತ್ರ. ಬ್ಯಾಟರಿ ಸತ್ತರೂ ಹಾಡು ನಿಲ್ಲೋದಿಲ್ಲ.

ಇದಕ್ಕೂ ತಕರಾರುಗಳಿವೆ. ಎರಡು ಗಿಟಾರಿನ ಪಿಕಪ್ ಒಂದೇ ಬಲದ್ದಲ್ಲದಿದ್ದರೆ ಒಂದು ಪಿಸುಗುಟ್ಟುತ್ತೆ, ಇನ್ನೊಂದು ಕಿರುಚುತ್ತೆ. ಬ್ಯಾಟರಿ ಇರುವ ಬೇಸ್ ಮತ್ತು ಇಲ್ಲದ ಬೇಸ್ ನಡುವೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತೆ. ಅದಕ್ಕೇ ಬಾಸ್ ಕಂಪನಿಯ ಎಲ್‌ಎಸ್-2ರಂಥ ಪೆಡಲಿನಲ್ಲಿ ಎರಡು ದಾರಿಗೂ ಬೇರೆಬೇರೆ ವಾಲ್ಯೂಮ್ ತಿರುಪು ಕೊಟ್ಟಿದ್ದಾರೆ.

ಇದೆಲ್ಲ ಬರೀ ಅನುಕೂಲದ ಕಥೆ ಅಂತ ಅನ್ನಿಸಿದರೆ ಜೋನಿ ಮಿಚೆಲ್ ಅವರನ್ನು ನೆನೆಯಬೇಕು. ಕೆನಡಾದ ಈ ಗಾಯಕಿಗೆ 9ನೇ ವಯಸ್ಸಿನಲ್ಲಿ ಪೋಲಿಯೋ ಬಂತು, ಎಡಗೈ ದುರ್ಬಲವಾಯಿತು. ಎಲ್ಲರೂ ಹಿಡಿಯುವ ಕಾರ್ಡುಗಳು ಅವರ ಬೆರಳಿಗೆ ಕಷ್ಟ. ಕೈಯನ್ನು ಗಿಟಾರಿಗೆ ಹೊಂದಿಸೋಕೆ ಆಗದಿದ್ದಾಗ ಅವರು ಗಿಟಾರನ್ನೇ ಕೈಗೆ ಹೊಂದಿಸಿದರು. ತಂತಿಗಳ ಶ್ರುತಿಯನ್ನು ತಮಗೆ ಬೇಕಾದಂತೆ ತಿರುಗಿಸಿಕೊಂಡರು. ಹೀಗೆ 50ಕ್ಕೂ ಹೆಚ್ಚು ಶ್ರುತಿಗಳು ಹುಟ್ಟಿದವು, ಬೇರೆಯವರಿಗೆ ಹೊಳೆಯದ ಸ್ವರಜೋಡಣೆಗಳು ಹುಟ್ಟಿದವು. ಆದರೆ ವೇದಿಕೆಯಲ್ಲಿ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಹಾಡು ಹಾಡಿಗೂ ಬಿರಡೆ ತಿರುಗಿಸಬೇಕು, ಇಲ್ಲವೇ ಗಿಟಾರ್ ಬದಲಿಸಬೇಕು. ಈ ಶ್ರುತಿಯ ಗೋಳಿಗೆ ಬೇಸತ್ತು ಅವರು ಕಛೇರಿಗಳನ್ನೇ ಬಿಡುವ ಯೋಚನೆಯಲ್ಲಿದ್ದರು. 1995ರಲ್ಲಿ ಅವರ ಕೈಗೆ ಬಂದದ್ದು ರೋಲ್ಯಾಂಡ್ ಕಂಪನಿಯ ವಿಜಿ-8. ಪ್ರತಿ ತಂತಿಯ ಸ್ವರವನ್ನೂ ಬೇರೆಬೇರೆಯಾಗಿ ಕೇಳಿಸಿಕೊಂಡು, ಬೇಕಾದ ಶ್ರುತಿಗೆ ಸರಿಸಿ ಹೊರಗೆ ಕಳಿಸುವ ಯಂತ್ರ ಅದು. ತಂತಿಗಳು ಇದ್ದಂತೆಯೇ ಇರುತ್ತವೆ, ಶ್ರುತಿ ಮಾತ್ರ ಯಂತ್ರದೊಳಗೆ ಬದಲಾಗುತ್ತದೆ. ಒಂದೇ ಗಿಟಾರಿನೊಳಗೆ ಹತ್ತಾರು ಗಿಟಾರ್ ಇದ್ದ ಹಾಗೆ. ಅವರು ಮತ್ತೆ ವೇದಿಕೆ ಹತ್ತಿದರು.

ದೊಡ್ಡ ತಂಡಗಳಿಗೆ ಈ ಚಿಂತೆ ಇಲ್ಲ. ಕತ್ತಲಲ್ಲಿ ನಿಂತ ಸಹಾಯಕ ಶ್ರುತಿ ಮಾಡಿದ ಗಿಟಾರ್ ತಂದು ಕೈಗಿಡುತ್ತಾನೆ, ಅವನಿಗೆ ಸಂಬಳ ಕೊಡೋಕೆ ದುಡ್ಡಿರುತ್ತೆ. ಸಹಾಯಕನೂ ಇಲ್ಲ, ಎರಡು ಕತ್ತಿನ ಗಿಟಾರ್ ಕೊಳ್ಳೋ ಶಕ್ತಿಯೂ ಇಲ್ಲ ಅನ್ನುವವರಿಗೆ ಉಳಿಯೋದು ತಮ್ಮ ಕಾಲೇ. ವಾರವಿಡೀ ಆಫೀಸು, ಶನಿವಾರ ರಾತ್ರಿ ಪಬ್ಬಿನಲ್ಲಿ ಎರಡು ಗಂಟೆ ಸಂಗೀತ ಅನ್ನೋ ತಂಡದವರಿಗೆ ಆ ಪುಟ್ಟ ಪೆಟ್ಟಿಗೆಯೇ ಸಹಾಯಕ. ಹಾಡು ಮುಗಿದು ಚಪ್ಪಾಳೆ ಇನ್ನೂ ನಡೆಯುತ್ತಿರುವಾಗ ಕೆಳಗೆಲ್ಲೋ ‘ಟಿಕ್’ ಅನ್ನುತ್ತೆ. ಜನರ ಕೈ ಜೇಬಿಗೆ ಹೋಗುವ ಮೊದಲೇ ಮುಂದಿನ ಹಾಡು ಶುರುವಾಗಿರುತ್ತೆ.