ಹೆಸರು ಪ್ರಹ್ಲಾದನದು, ಆಟ ಹಿರಣ್ಯಕಶಿಪುವಿನದು

ಹುನಗುಂದ, ಇಳಕಲ್ ಕಡೆಯ ಶಾಲೆಗಳಲ್ಲಿ ಗ್ಯಾದರಿಂಗ್ ಹತ್ತಿರ ಬಂತೆಂದರೆ ‘ಪ್ರಹ್ಲಾದ’ ನಾಟಕದ ಪಾತ್ರ ಹಂಚುವುದು ಮಾಸ್ತರರಿಗೆ ಒಂದು ತಲೆನೋವು. ‘ನಾ ಹಿರಣ್ಯಕಶಿಪು ಆಕ್ಕೀನ್ರಿ ಸರ್’ ಎಂದು ಹತ್ತು ಕೈಗಳು ಏಳುತ್ತವೆ. ನರಸಿಂಹನಾಗಲಿಕ್ಕೂ ಪೈಪೋಟಿ ಇದೆ. ಪ್ರಹ್ಲಾದನಾಗಲು ಮಾತ್ರ ಯಾರೂ ಒಲ್ಲರು. ಕೊನೆಗೆ ತರಗತಿಯಲ್ಲಿ ಎಲ್ಲರಿಗಿಂತ ಸಣ್ಣಗಿರುವ, ಮೆತ್ತಗಿರುವ ಹುಡುಗನ ಕೊರಳಿಗೆ ಆ ಪಾತ್ರ ಬೀಳುತ್ತದೆ.

ಹುಡುಗರ ಈ ತೀರ್ಮಾನ ತಪ್ಪೆನ್ನಲು ಬರುವುದಿಲ್ಲ. ನಾಟಕದ ಹೆಸರು ಯಾರದೇ ಇರಲಿ, ರಂಗದ ಮೇಲೆ ಕೆಲಸ ಯಾರಿಗಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ ಈ ಪ್ರಶ್ನೆಯನ್ನು ಮತ್ತೆ ಎತ್ತಿತು. ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಅನಿಮೇಷನ್ ಚಿತ್ರ ಕನ್ನಡದಲ್ಲೂ ಬಂತು. ಅಜ್ಜಿ ಮೊಮ್ಮಕ್ಕಳೆನ್ನದೆ ಇಡೀ ಕುಟುಂಬಗಳು ಚಿತ್ರಮಂದಿರಕ್ಕೆ ಹೋದವು. ವರಾಹ, ಹಿರಣ್ಯಾಕ್ಷ, ಕೊನೆಯ ಕಾಳಗ, ಎಲ್ಲವೂ ಭರ್ಜರಿ. ಆದರೆ ಮಕ್ಕಳು ತಮ್ಮವನೆಂದು ಹಿಡಿದುಕೊಳ್ಳಬೇಕಾದ ಹುಡುಗನ ಪಾಲಿಗೆ ಬಂದದ್ದು ಬಹುಮಟ್ಟಿಗೆ ಸಹಿಸುವ ಕೆಲಸ. ಅವನಿಗೆ ಏನೇನೋ ಆಗುತ್ತದೆ. ಅವನು ಕೈಮುಗಿದು ನಿಂತಿರುತ್ತಾನೆ.

ಇದು ಈ ಒಂದು ಚಿತ್ರದ ದೋಷವಲ್ಲ. ನೂರು ವರ್ಷದಿಂದ ನಮ್ಮ ರಂಗಭೂಮಿ ಮತ್ತು ಚಿತ್ರರಂಗ ಪ್ರಹ್ಲಾದನನ್ನು ಹೀಗೆಯೇ ಬೆಳೆಸಿಕೊಂಡು ಬಂದಿವೆ. ಬೆಳೆಸದೆ ಬಿಟ್ಟಿವೆ ಎಂದರೂ ಸರಿ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದ ವಾರಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳನ್ನು ನೋಡಿದವರಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಕಂಪನಿ ನಡೆಯುವುದು ಮುಖ್ಯ ನಟನ ಕಂಠದ ಮೇಲೆ. ಅನೇಕ ವೇಳೆ ಅವನೇ ಮಾಲೀಕ. ಇಡೀ ರಾತ್ರಿ ಕುಳಿತ ಜನರ ಕೊನೆಯ ಸಾಲಿಗೂ ಕೇಳುವಂತೆ ಅಬ್ಬರಿಸುವ ಪಾತ್ರ ಅವನಿಗೆ ಬೇಕು. ಹಿರಣ್ಯಕಶಿಪುವಿನಲ್ಲಿ ಅದೆಲ್ಲ ಇದೆ: ತಮ್ಮನನ್ನು ಕಳೆದುಕೊಂಡ ದುಃಖ, ಸೇಡು, ಘೋರ ತಪಸ್ಸು, ವರ, ಮೂರು ಲೋಕದ ಅಧಿಕಾರ, ಮೇಲಾಗಿ ಸ್ವಂತ ಮಗನನ್ನೇ ಕೊಲ್ಲಿಸಬೇಕಾಗಿ ಬಂದ ತಂದೆಯ ಒಳತೋಟಿ. ಇಷ್ಟಿದ್ದ ಮೇಲೆ ಬಾಲನಟನಿಗೆ ಉಳಿಯುವುದೇನು? ಎರಡು ಕಂದಪದ್ಯ, ಒಂದು ಹಾಡು, ಮುಗಿದ ಕೈ.

ಸಿನಿಮಾ ಬಂದಾಗ ಈ ಹಂಚಿಕೆ ಹಾಗೆಯೇ ಬಂತು. 1932ರಲ್ಲಿ ತೆರೆಕಂಡ ತೆಲುಗಿನ ಮೊದಲ ವಾಕ್ಚಿತ್ರ ‘ಭಕ್ತ ಪ್ರಹ್ಲಾದ’ದ ಮೂಲ ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರ ನಾಟಕ. ಕನ್ನಡದಲ್ಲಿ ಆರಂಭ ಬೇರೆ ಬಗೆಯಾಗಿತ್ತು. 1934ರ ‘ಭಕ್ತ ಧ್ರುವ’ ನಮ್ಮ ಮೊದಲ ಎರಡು ವಾಕ್ಚಿತ್ರಗಳಲ್ಲಿ ಒಂದು. ಪ್ರಸಿದ್ಧ ನಟ ವರದಾಚಾರ್ಯರ ಮೊಮ್ಮಗ ಮುತ್ತು ಅದರಲ್ಲಿ ಧ್ರುವ. ಈ ಧ್ರುವನೂ ಪುಟ್ಟ ಹುಡುಗ, ಅವನೂ ಹರಿಭಕ್ತ. ಆದರೆ ತಂದೆಯ ತೊಡೆಯಿಂದ ಇಳಿಸಿದ್ದಕ್ಕೆ ಸಿಟ್ಟಾಗಿ ತಾನೇ ಮನೆಬಿಟ್ಟು ಕಾಡಿಗೆ ನಡೆಯುತ್ತಾನೆ. ಕತೆ ಅವನ ಕಾಲಿನ ಹಿಂದೆ ಹೋಗುತ್ತದೆ. ಪ್ರಹ್ಲಾದನ ಚಿತ್ರಗಳಲ್ಲಿ ಕತೆ ತಂದೆಯ ಹಿಂದೆ ಹೋಗುತ್ತದೆ. ಮಗನನ್ನು ಆನೆಯ ಮುಂದೆ, ಬೆಂಕಿಗೆ, ಬೆಟ್ಟದ ತುದಿಗೆ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ.

‘ಸತಿ ಸುಲೋಚನ’ದ ನಾಯಕನಟ, ಕಂಪನಿ ಮಾಲೀಕರೂ ಆಗಿದ್ದ ಸುಬ್ಬಯ್ಯ ನಾಯ್ಡು ಅವರ ಹೆಸರಿನೊಂದಿಗೆ 1958ರ ‘ಭಕ್ತ ಪ್ರಹ್ಲಾದ’ ಸೇರಿಕೊಂಡಿದೆ. ಮುಂದೆ ‘ಕಾಕನಕೋಟೆ’, ‘ಭೂತಯ್ಯನ ಮಗ ಅಯ್ಯು’ ಚಿತ್ರಗಳಿಂದ ಹೆಸರಾದ ಅವರ ಮಗ ಲೋಕೇಶ್ ಬಾಲನಟನಾಗಿ ಕಾಣಿಸಿಕೊಂಡದ್ದು ಅದರಲ್ಲಿಯೇ. ಇಪ್ಪತ್ತೈದು ವರ್ಷದ ಬಳಿಕ, 1983ರಲ್ಲಿ, ವಿಜಯ್ ನಿರ್ದೇಶನದ ‘ಭಕ್ತ ಪ್ರಹ್ಲಾದ’ದಲ್ಲೂ ತಂದೆ ಮಗ ಕೂಡಿದರು. ಹಿರಣ್ಯಕಶಿಪು ರಾಜಕುಮಾರ್, ಪ್ರಹ್ಲಾದ ಆಗ ಲೋಹಿತ್ ಎನಿಸಿಕೊಂಡಿದ್ದ ಪುನೀತ್. ಆ ಚಿತ್ರದ ಒಂದು ಮಾತು ನೆನಪಿಸಿಕೊಳ್ಳಿ ಎಂದು ಯಾರನ್ನಾದರೂ ಕೇಳಿ. ಅವರು ಹೇಳುವುದು ರಾಜಕುಮಾರರ ಮಾತು, ಅದೂ ಅವರದೇ ಧಾಟಿಯಲ್ಲಿ, ಹುಬ್ಬೇರಿಸಿ. ಕಂಪನಿ ನಾಟಕದ ಅಭಿನಯಕ್ಕೆ ನಮ್ಮ ಬೆಳ್ಳಿತೆರೆ ಉಳಿಸಿಕೊಂಡ ಅತ್ಯುತ್ತಮ ದಾಖಲೆ ಅದೆಂದರೂ ನಡೆದೀತು. ಆದರೆ ಚಿತ್ರದ ಹೆಸರು ‘ಹಿರಣ್ಯಕಶಿಪು’ ಎಂದಿದ್ದರೆ ಹೆಚ್ಚು ಸರಿಯಿತ್ತು.

ಹುಡುಗನ ಅಭಿನಯ ಸಾಲಲಿಲ್ಲವೆನ್ನೋಣವೇ? ಅದೂ ಅಲ್ಲ. ಎರಡೇ ವರ್ಷದ ಬಳಿಕ, 1985ರಲ್ಲಿ, ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ ಚಿತ್ರದಲ್ಲಿ ಇದೇ ಪುನೀತ್‌ಗೆ ರಾಷ್ಟ್ರ ಪ್ರಶಸ್ತಿ ಬಂತು. ಅಲ್ಲಿ ದೇವರಿಲ್ಲ, ಪವಾಡವಿಲ್ಲ. ಕಾಡಿನ ಹೂ ಮಾರಿ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಹಣ ಕೂಡಿಡುವ ಬಡ ಹುಡುಗ, ಕೊನೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಪುಸ್ತಕವೋ ಕಂಬಳಿಯೋ ಎಂಬುದನ್ನು ಅವನೇ ನಿರ್ಧರಿಸಬೇಕು. ಅಷ್ಟು ಸಿಕ್ಕಿದ್ದೇ ತಡ, ಹುಡುಗ ಇಡೀ ಚಿತ್ರವನ್ನು ಹೆಗಲ ಮೇಲೆ ಹೊತ್ತ.

ಸುಮ್ಮನೆ ನಂಬಿ ನಿಲ್ಲುವುದೇ ಪ್ರಹ್ಲಾದನ ಶಕ್ತಿ, ಅವನು ಇನ್ನೇನು ಮಾಡಬೇಕಿತ್ತು ಎಂದು ಹಿರಿಯರು ಕೇಳಬಹುದು. ಮಾತು ಒಪ್ಪತಕ್ಕದ್ದೇ. ಆದರೆ ಆ ನಿಲುವು ಅವನು ಆರಿಸಿಕೊಂಡದ್ದು ಎಂದು ನೋಡುವ ಮಗುವಿಗೆ ತಿಳಿಯಬೇಡವೇ? ಭಾಗವತದ ಏಳನೆಯ ಸ್ಕಂಧ ತೆಗೆದು ನೋಡಿದರೆ ಅಲ್ಲಿರುವ ಹುಡುಗ ಬೇರೆಯೇ. ಗುರುಗಳಾದ ಶಂಡ, ಅಮರ್ಕರು ಮನೆಗೆಲಸಕ್ಕೆಂದು ಆಚೆ ಹೋದಾಗ, ಆಟಕ್ಕೆ ಕರೆದ ಸಹಪಾಠಿಗಳನ್ನು ಕೂಡಿಸಿಕೊಂಡು ಅವನೇ ಪಾಠ ಹೇಳುತ್ತಾನೆ. ಅರಸನ ಶಾಲೆಯಲ್ಲೇ ಅರಸನ ವಿರುದ್ಧ ಒಂದು ತರಗತಿ! ಯಾರ ಬಲದಿಂದ ನನ್ನನ್ನು ಮೀರಿದೆ ಎಂದು ತಂದೆ ಗದರಿದಾಗ, ನಿನ್ನ ಬಲವೂ ಅವನದೇ ಎಂದು ಎದುರುತ್ತರ ಕೊಡುತ್ತಾನೆ. ಹಿರಣ್ಯಕಶಿಪುವಿನ ವಧೆಯ ಬಳಿಕ ನರಸಿಂಹನ ಕೋಪಕ್ಕೆ ದೇವತೆಗಳು ದೂರ ನಿಂತಿದ್ದಾರೆ, ಲಕ್ಷ್ಮಿಗೂ ಹತ್ತಿರ ಹೋಗಲು ಧೈರ್ಯವಿಲ್ಲ. ಆಗ ಬ್ರಹ್ಮನ ಮಾತಿನಂತೆ ಈ ಮಗು ಮೆಲ್ಲಗೆ ಅವನ ಬಳಿ ನಡೆದುಹೋಗುತ್ತದೆ. ವರ ಬೇಡೆಂದರೆ, ತನ್ನನ್ನು ಕೊಲ್ಲಿಸಲು ಹೊರಟ ಅಪ್ಪನ ಪಾಪ ಕಳೆಯಲಿ ಎಂದು ಕೇಳುತ್ತದೆ.

ಕಂಬ ಒಡೆಯುವುದಕ್ಕಿಂತ ದೊಡ್ಡ ದೃಶ್ಯಗಳಿವು. ಖರ್ಚೂ ಕಡಿಮೆ. ಆದರೂ ನಮ್ಮ ನಾಟಕ, ಸಿನಿಮಾಗಳ ಕಸುವೆಲ್ಲ ಕಂಬಕ್ಕೇ ಸಲ್ಲುತ್ತದೆ. ನರಸಿಂಹ ಬಂದದ್ದೇ ಜನ ಮಂಗಳಾರತಿಗೆ ಕಾಯುತ್ತಾರೆ.

ಬಾದಾಮಿಯ ಮೂರನೆಯ ಗುಹೆಯ ನರಸಿಂಹನನ್ನು ಇಲ್ಲಿ ನೆನೆಯಬೇಕು. ಚಾಲುಕ್ಯರ ಮಂಗಳೇಶ ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಮಾಡಿಸಿದ ಗುಹೆ ಅದು. ಅಲ್ಲಿ ವಧೆಯ ದೃಶ್ಯವಿಲ್ಲ. ಬಗೆದ ಹೊಟ್ಟೆ, ಕರುಳಿನ ಮಾಲೆ ಯಾವುದೂ ಇಲ್ಲ. ನರಸಿಂಹ ನಿರಾಳವಾಗಿ ನಿಂತಿದ್ದಾನೆ. ಆ ಶಿಲ್ಪಿಗೆ ಅಬ್ಬರ ಬೇಕೆನಿಸಲಿಲ್ಲ.

ಮಕ್ಕಳ ಚಿತ್ರ ಮಾಡುವವರು ಅಲ್ಲಿಂದ ಕೆಲವು ಮೆಟ್ಟಿಲು ಇಳಿದು ಎರಡನೆಯ ಗುಹೆಗೂ ಬರಬೇಕು. ಅಲ್ಲಿ ಒಂದು ಭಿತ್ತಿಯ ಮೇಲೆ ಪ್ರಹ್ಲಾದನ ಮೊಮ್ಮಗ ಬಲಿಯ ಕತೆ ಇದೆ. ಕೆಳಗೆ ಕೊಡೆ ಹಿಡಿದ ಕುಳ್ಳ ವಾಮನ. ಅವನು ಬಂದಿರುವುದು ಬೇಡಲಿಕ್ಕೆ, ಬೇಡಿದ್ದು ಮೂರೇ ಹೆಜ್ಜೆ. ಅವನ ಪಕ್ಕದಲ್ಲೇ, ಅದೇ ಕಲ್ಲಿನಲ್ಲಿ, ಅವನೇ ತ್ರಿವಿಕ್ರಮನಾಗಿ ಒಂದು ಕಾಲನ್ನು ಸೊಂಟದೆತ್ತರಕ್ಕೆ ಚಾಚಿದ್ದಾನೆ. ಶಾಲಾ ಪ್ರವಾಸಕ್ಕೆ ಬಂದ ಹುಡುಗರು ಈ ಫಲಕದ ಮುಂದೆ ನಿಂತರೆ ಒಬ್ಬನಾದರೂ ಹಾಗೆ ಕಾಲೆತ್ತಿ ನೋಡದೆ ಇರುವುದಿಲ್ಲ. ತೋಲ ತಪ್ಪಿ ಪಕ್ಕದವನ ಮೇಲೆ ಬೀಳುತ್ತಾನೆ, ಮಾಸ್ತರರು ಬೈಯುತ್ತಾರೆ, ಅವನ ಹಿಂದಿನವ ಕಾಲೆತ್ತುತ್ತಾನೆ.